ಹಿತ್ತಲಿನ ಹುಣಸೆ ಬಿದ್ದ ಮೇಲೆ

ಅವ್ವನ ಫೋನ್ ಬಂದಾಗ ರಾತ್ರಿ ಎಂಟೂವರೆ. 2024ರ ಮೇ ತಿಂಗಳು, ಕೃತ್ತಿಕಾ ಮಳೆಯ ದಿನಗಳು. ಹುಬ್ಬಳ್ಳಿಯಲ್ಲಿ ನಾಲ್ಕು ಹನಿ ಬಿದ್ದು ನೆಲದ ವಾಸನೆ ಎದ್ದಿತ್ತು, ಅಷ್ಟೇ. ಊರಲ್ಲಿ ಅಷ್ಟಕ್ಕೆ ಮುಗಿದಿರಲಿಲ್ಲ.

“ತಮ್ಮಾ, ಹುಣಸಿ ಗಿಡ ಬಿತ್ತೋ” ಅಂದಳು. ಆಮೇಲೆ ಸುಮ್ಮನಾದಳು.

“ಮನಿಗೇನರ ಆಗೇತೇನ?”

“ಮನಿಗೇನ ಆಗಿಲ್ಲ. ಕೊಟ್ಟಿಗಿ ಮೂಲಿ ಮ್ಯಾಲ ಒಂದ ಟೊಂಗಿ ಬಿದ್ದೈತಿ. ಎಮ್ಮಿ ಆರಾಮ ಐತಿ. ಕರೆಂಟ್ ವಾಯರ್ ಹರದು ಹಿತ್ತಲದಾಗ ಬಿದ್ದೈತಿ.”

ಆ ಕೊನೆಯ ಮಾತಿಗೆ ನನ್ನ ಎದೆ ಝಲ್ ಅಂದಿತು. “ಬೆಳಕ ಹರಿಯೂತನಕ ಹಿತ್ತಲಕ್ಕ ಕಾಲ ಇಡಬ್ಯಾಡ” ಅಂತ ಎರಡೆರಡು ಸಲ ಹೇಳಿದೆ. ಪಕ್ಕದ ಮನೆಯ ಕಾಕಾಗೆ ಫೋನ್ ಮಾಡಿ ಲೈನ್‌ಮನ್ ಕರೆಸಲು ಕೇಳಿಕೊಂಡೆ. ಕಂಬದಲ್ಲೇ ಕನೆಕ್ಷನ್ ತೆಗೆದರು ಅಂತ ಹತ್ತು ಗಂಟೆಗೆ ಕಾಕಾ ತಿಳಿಸಿದ ಮೇಲೆಯೇ ನಾನು ಊಟಕ್ಕೆ ಕೂತೆ. ಗಾಳಿಗೆ ಮರ ಬಿದ್ದರೆ ಮೊದಲು ವೈರು ನೋಡಬೇಕು, ಮರ ಆಮೇಲೆ. ಹಸಿ ಟೊಂಗೆಯಲ್ಲೂ ಕರೆಂಟ್ ಹರಿಯುತ್ತದೆ, ಒದ್ದೆ ನೆಲದಲ್ಲೂ ಹರಿಯುತ್ತದೆ.

ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಗಿಡ ಅಂತಲೇ ಅನ್ನೋದು. ಎದೆ ಎತ್ತರದಲ್ಲಿ ಒಂಬತ್ತು ಅಡಿ ಸುತ್ತಳತೆ ಇದ್ದ ಈ ಹುಣಸೆಯೂ ಅವ್ವನಿಗೆ ಗಿಡವೇ. ಅವಳು 1971ರಲ್ಲಿ ಸೊಸೆಯಾಗಿ ಬಂದಾಗಲೇ ಅದರ ನೆರಳು ಕೊಟ್ಟಿಗೆಯನ್ನು ಮುಚ್ಚುತ್ತಿತ್ತಂತೆ. ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ, ಅಂತೂ ಹುಣಸೆಹಣ್ಣು ಕೊಂಡು ತಂದ ನೆನಪು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಊರು ಸವಣೂರು ತಾಲ್ಲೂಕಿನಲ್ಲಿದೆ. ನಾನು ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್. ಮರುದಿನ ಭಾನುವಾರವಾದ್ದರಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಯಲವಿಗಿಯಲ್ಲಿ ಇಳಿದೆ. ಕಾಕಾನ ಮಗ ಬೈಕ್ ತಂದಿದ್ದ. ದಾರಿಯುದ್ದಕ್ಕೂ ಬೇವು, ಜಾಲಿ, ನೀಲಗಿರಿ ಮುರಿದುಕೊಂಡು ಬಿದ್ದಿದ್ದವು. ಎರೆ ಹೊಲದ ಸಾಲುಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು.

ಹಿತ್ತಲಿಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಎಲೆ. ಇನ್ನೂ ಹಸಿರು. ರಾತ್ರಿ ಬಿದ್ದದ್ದು ಆ ಎಲೆಗಳಿಗೆ ಇನ್ನೂ ತಿಳಿದೇ ಇಲ್ಲವೇನೋ ಅನ್ನುವ ಹಾಗೆ ಗಾಳಿಗೆ ಅಲುಗುತ್ತಿದ್ದವು. ಬುಡದಲ್ಲಿ ಬೇರಿನ ಗಡ್ಡೆ ಮಣ್ಣು, ಕಲ್ಲು ಸಮೇತ ಎದ್ದು ಆಳೆತ್ತರದ ಗೋಡೆಯಾಗಿ ನಿಂತಿತ್ತು. ಅದರ ಹಿಂದೆ ಗುಂಡಿ. ಓಣಿಯ ನಾಲ್ಕು ಹುಡುಗರು ಆಗಲೇ ಗುಂಡಿಯಲ್ಲಿ ಇಳಿದು ಆಟ ಶುರು ಮಾಡಿದ್ದರು. ನಾನು ಜೋರಾಗಿ ಕೂಗಿದೆ. ಹುಡುಗರು ಹೆದರಿ ಮೇಲೆ ಬಂದರು. ಕೂಗಿದ್ದಕ್ಕೆ ಕಾರಣ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ಗಾಳಿ ಪಡುವಣದಿಂದ ಬಂದಿತ್ತು. ಮರ ಮೂಡಣಕ್ಕೆ ಬಿದ್ದಿತ್ತು. ಇಂಥ ಗಾಳಿಯಲ್ಲಿ ಮರವನ್ನು ಎಳೆದು ಹಿಡಿಯೋದು ಗಾಳಿ ಬರುವ ಕಡೆಯ ಬೇರು, ಡೇರೆಯ ಹಗ್ಗದ ಹಾಗೆ. ಆ ಕಡೆಯ ಬೇರುಗಳ ತುದಿ ನೋಡಲು ಹೋದೆ. ಎಳೆದು ಹರಿದ ಬೇರಿನ ತುದಿ ಜುಂಜು ಜುಂಜಾಗಿರುತ್ತದೆ, ಬಿಳಿ ನಾರು ಹೊರಗೆ ಚಾಚಿರುತ್ತದೆ. ಮೂರು ದಪ್ಪ ಬೇರುಗಳ ತುದಿ ಹಾಗಿರಲಿಲ್ಲ. ಮೂರೂ ಒಂದೇ ಗೆರೆಯಲ್ಲಿ ಮೊಂಡಾಗಿ ನಿಂತಿದ್ದವು. ಕಪ್ಪಗಾಗಿದ್ದವು. ಬೆರಳು ಒತ್ತಿದರೆ ಹಳೆಯ ಬೆಂಡಿನ ಹಾಗೆ ಒಳಗೆ ಹೋಗುತ್ತಿತ್ತು.

ಆ ಗೆರೆ ಹಾಕಿಸಿದವನು ನಾನು. 2021ರಲ್ಲಿ ಬೋರ್‌ವೆಲ್ಲಿನಿಂದ ಮನೆಗೆ ಪೈಪ್ ಎಳೆಸುವಾಗ ಜೆಸಿಬಿ ತರಿಸಿದ್ದೆ. ಮರದಿಂದ ನಾಲ್ಕೇ ಅಡಿ ದೂರದಲ್ಲಿ, ಮೂರು ಅಡಿ ಆಳಕ್ಕೆ ಕಾಲುವೆ ಹೊಡೆಸಿದೆ. “ಗಿಡದ ಬುಡಕ ಬ್ಯಾಡೋ, ಸುತ್ತ ಹಾಕಸು” ಅಂತ ಅವ್ವ ಅವತ್ತೇ ಅಂದಿದ್ದಳು. ಸುತ್ತಿ ಹೋದರೆ ಮೂವತ್ತು ಅಡಿ ಪೈಪ್ ಜಾಸ್ತಿ ಹಿಡಿಯುತ್ತಿತ್ತು. ನಾನು ಪೈಪಿನ ದುಡ್ಡು ಲೆಕ್ಕ ಹಾಕಿದೆ. ಜೆಸಿಬಿ ಬಕೆಟ್ಟಿಗೆ ಬೇರು ಸಿಕ್ಕಿ ಪಟ್ ಪಟ್ ಅಂತ ಕತ್ತರಿಸಿದ ಶಬ್ದ ನನಗೆ ಇವತ್ತಿಗೂ ನೆನಪಿದೆ. ಮೇಲೆ ಎಲೆ ಬಾಡಲಿಲ್ಲ, ಮರುವರ್ಷ ಕಾಯಿಯೂ ಬಂತು. ಏನೂ ಆಗಿಲ್ಲ ಅಂದುಕೊಂಡೆವು. ಒಳಗೆ ಕೊಳೆ ಬೇರು ಹಿಡಿದು ಬುಡದ ಕಡೆ ನಡೆಯುತ್ತಿತ್ತು. ಮೂರು ವರ್ಷ ಬೇಕಾಯಿತು ಅದಕ್ಕೆ. ಅವತ್ತಿನ ಗಾಳಿ ಬರೀ ನೆಪ.

ಅವ್ವನನ್ನು ಕರೆದು ಬೇರಿನ ತುದಿ ತೋರಿಸಿದೆ. ಮುಚ್ಚಿಡೋದು ಸರಿ ಅನಿಸಲಿಲ್ಲ. ಬಗ್ಗಿ ನೋಡಿದಳು. ಕೈಯಿಂದ ಮಣ್ಣು ಒರೆಸಿ ಮತ್ತೆ ನೋಡಿದಳು. ಬಯ್ಯಲಿಲ್ಲ. “ಇನ್ನ ಒಂದ ಚಕ್ಕಿನೂ ಹಾಳ ಮಾಡಬ್ಯಾಡ” ಅಂದು ಎಮ್ಮೆಗೆ ನೀರು ಕುಡಿಸಲು ಹೋದಳು.

ಎತ್ತಿ ನಿಲ್ಲಿಸಬಹುದಲ್ವಾ ಅಂತ ಕಾಕಾನ ಮಗ ಕೇಳಿದ. ನಮ್ಮ ತಾಲ್ಲೂಕಿನವರಿಗೆ ಈ ಪ್ರಶ್ನೆ ಬರೋದು ಸಹಜ. ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿರುವ ಮೂರು ಭಾರಿ ಮರಗಳಲ್ಲಿ ಒಂದು 2023ರ ಜುಲೈ ಮಳೆಗೆ ಬುಡಮೇಲಾಗಿತ್ತು. ಟೊಂಗೆ ಸವರಿ, ಕ್ರೇನ್ ಹಚ್ಚಿ, ಮತ್ತೆ ಅದನ್ನು ನೆಟ್ಟರು. ಆದರೆ ಅದು ಹೆಸರಿಗೆ ಮಾತ್ರ ದೊಡ್ಡಹುಣಸೆ. ಜಾತಿಯಲ್ಲಿ ಬಾವೊಬಾಬ್, ಆಫ್ರಿಕಾದ ಮರ. ಬೊಡ್ಡೆಯ ತುಂಬ ನೀರು ಹಿಡಿದಿಟ್ಟುಕೊಳ್ಳುವ ಮೆತ್ತನೆಯ ಮರ ಅದು. (ನಮ್ಮ ಅಡುಗೆಮನೆಯ ಹುಣಸೆಯೂ ಮೂಲದಲ್ಲಿ ಆಫ್ರಿಕಾದಿಂದಲೇ ಬಂದದ್ದು, ಅದು ಬೇರೆ ಮಾತು.) ನಮ್ಮದರಲ್ಲಿ ಒಂದು ಕಡೆಯ ಬೇರು ಪೂರ್ತಿ ಕೊಳೆತಿತ್ತು. ಬಿದ್ದ ಪೆಟ್ಟಿಗೆ ಬೊಡ್ಡೆ ಕವಲಿನಿಂದ ಕೆಳಗೆ ಅರ್ಧದವರೆಗೆ ಸೀಳಿತ್ತು. ನಿಲ್ಲಿಸಿದರೂ ಮುಂದಿನ ಗಾಳಿಗೆ ಅದು ಕೊಟ್ಟಿಗೆಯ ಮೇಲೇ ಬರುತ್ತಿತ್ತು. ಕಡಿಯೋದೇ ಅಂತ ತೀರ್ಮಾನ ಆಯಿತು.

ನಮ್ಮ ಜಾಗದ ಮರವಾದರೂ ಸುಮ್ನೆ ಕೊಡಲಿ ಎತ್ತುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಕೇಳಬೇಕು. ಒಣಗಿದ ಮರಕ್ಕೆ, ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಅಂತಲೂ ಅದೇ ಕಾಯ್ದೆಯಲ್ಲಿದೆ. ಜಾಗದ ಉತಾರ, ಫೋಟೋ ಹಚ್ಚಿ ಅರ್ಜಿ ಕೊಟ್ಟೆವು. ಅದು ಬರುವವರೆಗೆ ಬೊಡ್ಡೆ ಮುಟ್ಟಲಿಲ್ಲ, ಟೊಂಗೆ ಮಾತ್ರ ತೆಗೆದೆವು, ಎಲೆ ಸವರಿದೆವು.

ನಾನು ಒಂದು ವಾರ ರಜೆ ಹಾಕಿದೆ. ಕಾಕಾನ ಬೀಗರ ಹತ್ತಿರ ಪೆಟ್ರೋಲ್ ಗರಗಸ ಇತ್ತು. ಹಳ್ಳಿಯಲ್ಲಿ ಎಲ್ಲರೂ ಅದಕ್ಕೆ ಕಟಿಂಗ್ ಮಷಿನ್ ಅಂತಾರೆ. ತಂದು ಒಂದು ಸಣ್ಣ ಟೊಂಗೆಗೆ ಹಚ್ಚಿ ನೋಡಿದೆ. ಹೊಗೆ ಬಂತು, ಕೆಳಗೆ ಬರೀ ಹಿಟ್ಟು ಉದುರಿತು. ಗರಗಸ ಹರಿತವಾಗಿದೆಯೋ ಇಲ್ಲವೋ ಅಂತ ತಿಳಿಯಲು ಹಲ್ಲು ಮುಟ್ಟಿ ನೋಡಬೇಕಾಗಿಲ್ಲ, ಉದುರಿದ್ದನ್ನು ನೋಡಿದರೆ ಸಾಕು. ಹರಿತ ಇದ್ದರೆ ಜೋಳದ ನುಚ್ಚಿನ ಹಾಗೆ ದಪ್ಪ ಚೂರು ಬೀಳುತ್ತದೆ. ಮೊಂಡಾಗಿದ್ದರೆ ಗಿರಣಿ ಹಿಟ್ಟು.

ಈ ಕೆಲಸ ನನಗೆ ಗೊತ್ತಿರೋದೇ. ದಿನಾ ಲೋಹದ ಜೊತೆಯೇ ನನ್ನ ಬದುಕು. ಆ ಮಷಿನ್ನಿನದು .325 ಪಿಚ್ ಚೈನು, ಅದಕ್ಕೆ 4.8 ಮಿ.ಮೀ.ನ ರೌಂಡ್ ಫೈಲ್ ಬೇಕು. ಕಟ್ಟೆಯ ಮೇಲೆ ಕೂತು ಗರಗಸವನ್ನು ಮೊಣಕಾಲ ನಡುವೆ ಹಿಡಿದು ಒಂದೊಂದೇ ಹಲ್ಲು ತೀಡಿದೆ. 30 ಡಿಗ್ರಿ ಓರೆ. ಒಳಗಿನಿಂದ ಹೊರಗೆ, ಒಂದೇ ದಿಕ್ಕಿಗೆ. ಪ್ರತಿ ಹಲ್ಲಿಗೆ ಮೂರು ಸಲ, ಎಲ್ಲಕ್ಕೂ ಅಷ್ಟೇ. ಎಡಗಡೆಯ ಹಲ್ಲು ಜಾಸ್ತಿ, ಬಲಗಡೆಯದು ಕಡಿಮೆ ತೀಡಿದರೆ ಗರಗಸ ನೇರ ಹೋಗದೆ ಬಾಗಿ ಕೊಯ್ಯುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು. ಕಾಕಾ ಎರಡು ಸಲ ಬಂದು “ಇನ್ನೂ ಶುರು ಮಾಡಿಲ್ಲೇನೋ” ಅಂದರು. ಆಮೇಲೆ ಅದೇ ಟೊಂಗೆಗೆ ಹಚ್ಚಿದರೆ ಗರಗಸ ತನ್ನ ಭಾರಕ್ಕೆ ತಾನೇ ಇಳಿಯಿತು. ಕಾಕಾ ಮತ್ತೆ ಏನೂ ಅನ್ನಲಿಲ್ಲ.

ಮರ ಬಿದ್ದು ನೆಲಕ್ಕೆ ಒರಗಿದೆ ಅಂತ ನೋಡುವವರಿಗೆ ಅನಿಸುತ್ತದೆ. ಒರಗಿರುವುದಿಲ್ಲ. ನಮ್ಮ ಹುಣಸೆ ಮೊಣಕೈ ಊರಿ ಏಳಲು ಹೊರಟ ಮನುಷ್ಯನ ಹಾಗೆ ಮೂರು ಟೊಂಗೆಗಳ ಮೇಲೆ ನಿಂತಿತ್ತು. ಬೊಡ್ಡೆಗೂ ನೆಲಕ್ಕೂ ನಡುವೆ ಎರಡು ಅಡಿ ಸಂದು. ಆ ಮೂರರಲ್ಲಿ ಒಂದನ್ನು ತಿಳಿಯದೆ ಕೊಯ್ದರೆ ಇಡೀ ಮರ ಒಂದು ಮಗ್ಗುಲಿಗೆ ಉರುಳುತ್ತದೆ. ಅದಕ್ಕೇ ಮೊದಲ ದಿನ ಅರ್ಧ ಹೊತ್ತು ನಾನು ಬರೀ ಸುತ್ತು ಹಾಕಿದೆ. ಯಾವ ಟೊಂಗೆ ಭಾರ ಹೊತ್ತಿದೆ, ಯಾವುದು ಸುಮ್ನೆ ಗಾಳಿಯಲ್ಲಿದೆ ಅಂತ ನೋಡಿ, ಭಾರ ಹೊತ್ತವುಗಳ ಮೇಲೆ ಸುಣ್ಣದ ಗುರುತು ಹಾಕಿದೆ. ಗುರುತು ಇಲ್ಲದ್ದು ಮೊದಲು, ಮೇಲಿನಿಂದ ಕೆಳಗೆ. ಗುರುತು ಇದ್ದದ್ದು ಕೊನೆಗೆ, ಅದೂ ಬೊಡ್ಡೆಯ ಕೆಳಗೆ ದಿಮ್ಮಿ ಕೊಟ್ಟ ಮೇಲೆ.

ಬಾಗಿದ ಟೊಂಗೆಯ ವಿಷಯ ಇನ್ನೂ ನಾಜೂಕು. ಅದರ ಒಂದು ಮೈ ಎಳೆದುಕೊಂಡು ಬಿಗಿಯಾಗಿರುತ್ತದೆ, ಇನ್ನೊಂದು ಮೈ ಒತ್ತಿಕೊಂಡಿರುತ್ತದೆ. ಒತ್ತಿಕೊಂಡ ಕಡೆ ಮೊದಲು ಮೂರನೇ ಒಂದು ಪಾಲಿನಷ್ಟು ಕೊಯ್ಯಬೇಕು. ಆಮೇಲೆ ಬಿಗಿಯಾದ ಕಡೆಯಿಂದ ನಿಧಾನವಾಗಿ ಬಂದರೆ ಟೊಂಗೆ ತಾನೇ ಬಾಯಿ ಬಿಟ್ಟು ಮುರಿಯುತ್ತದೆ. ಒತ್ತಿಕೊಂಡ ಕಡೆಯಿಂದಲೇ ಪೂರ್ತಿ ಕೊಯ್ಯಲು ಹೋದರೆ ಗರಗಸ ಕಚ್ಚಿಕೊಂಡು ನಿಲ್ಲುತ್ತದೆ. ಬಿಗಿಯಾದ ಕಡೆ ಒಂದೇ ಸಲ ಹಚ್ಚಿದರೆ ಸಿಡಿಯುತ್ತದೆ. ಬೋಗಿಯ ಸ್ಪ್ರಿಂಗಿನ ಹಾಗೆಯೇ ಇದು. ಭಾರ ಇಳಿಸದೆ ಸ್ಪ್ರಿಂಗ್ ಬಿಚ್ಚಬೇಡ ಅಂತ ನಾವು ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ.

ಇಷ್ಟೆಲ್ಲ ಗೊತ್ತಿದ್ದ ನಾನೇ ಎರಡನೇ ದಿನ ಸಂಜೆ ಪೆಟ್ಟು ತಿಂದೆ. ತೋಳು ದಪ್ಪದ ಒಂದು ಟೊಂಗೆ. ದೊಡ್ಡವೆಲ್ಲ ಮುಗಿದಿದ್ದವು, ಇದೇನು ಸಣ್ಣದು ಅಂದುಕೊಂಡು ನಿಂತ ಜಾಗದಿಂದಲೇ ಗರಗಸ ಹಚ್ಚಿದೆ. ಅದರ ತುದಿ ಬೊಡ್ಡೆಯ ಕೆಳಗೆ ಸಿಕ್ಕಿಕೊಂಡು ಬಿಲ್ಲಿನ ಹಾಗೆ ಬಾಗಿತ್ತು, ಎಲೆಯ ಮರೆಯಲ್ಲಿ ಅದು ಕಾಣಲಿಲ್ಲ. ಅರ್ಧ ಕೊಯ್ಯುವುದರೊಳಗೆ ಪಟಾರ್ ಅಂತ ಬಂದು ಎಡ ಮೊಣಕಾಲಿಗೆ ಬಡಿಯಿತು. ಗರಗಸ ಕೈಬಿಟ್ಟು ಬಿತ್ತು. ಮೂಳೆಗೆ ಏನೂ ಆಗಲಿಲ್ಲ, ಆದರೆ ಮೊಣಕಾಲು ಬೋರೆಹಣ್ಣಿನ ಬಣ್ಣಕ್ಕೆ ತಿರುಗಿ ಊದಿತು. ಒಂದು ವಾರದ ರಜೆ ಎರಡು ವಾರವಾಯಿತು. ದಣಿವಾದ ಮೇಲೆ ಮಷಿನ್ ಮುಟ್ಟಬಾರದು. ಸಂಜೆ ಐದರ ನಂತರ ನಾನು ಈಗ ಮುಟ್ಟುವುದಿಲ್ಲ.

ಕಾಲು ಸರಿಯಾಗುವವರೆಗೆ ಮರ ಹಾಗೇ ಇತ್ತು. ಅಷ್ಟರಲ್ಲಿ ಅನುಮತಿ ಕಾಗದವೂ ಬಂತು. ಉಳಿದದ್ದು ಬೊಡ್ಡೆ.

ಬೊಡ್ಡೆಯನ್ನು ಬೇರಿನ ಗಡ್ಡೆಯಿಂದ ಬೇರೆ ಮಾಡುವ ದಿನ ಗುಂಡಿಯ ಸುತ್ತ ಜಾಲಿ ಮುಳ್ಳು ಹಾಕಿ ಬೇಲಿ ಮಾಡಿದೆವು. ಹುಡುಗರನ್ನೆಲ್ಲ ರಸ್ತೆಯ ಆಚೆ ಕಳಿಸಿದೆವು. ಎದ್ದು ನಿಂತ ಬೇರಿನ ಗಡ್ಡೆಯನ್ನು ಹಾಗೆ ನಿಲ್ಲಿಸಿರೋದು ಮುಂದಿನ ಬೊಡ್ಡೆಯ ಭಾರ. ಭಾರ ಹೋದ ಕ್ಷಣ ಗಡ್ಡೆ ಹಿಂದಕ್ಕೆ ಕೂರುತ್ತದೆ, ಟನ್‌ಗಟ್ಟಲೆ ಮಣ್ಣಿನ ಸಮೇತ. ಹಾಗೇ ಆಯಿತು. ಕೊನೆಯ ಎರಡು ಇಂಚು ಇದ್ದಾಗ ಒಳಗೆ ಚರ್ ಅಂದಿತು. ನಾನು ಗರಗಸ ಎಳೆದುಕೊಂಡು ಹಿಂದೆ ಸರಿದೆ. ಗಡ್ಡೆ ಧಪ್ ಅಂತ ಗುಂಡಿಗೆ ಕೂತಿತು. ಕಾಲಡಿಯ ನೆಲ ಅದುರಿತು. ಮೂರು ಅಡಿಯ ಮೋಟು ಬೊಡ್ಡೆ ಮೊದಲಿದ್ದ ಜಾಗದಲ್ಲೇ ನೆಟ್ಟಗೆ ನಿಂತಿತ್ತು. ಹಿಂದಿನ ವಾರ ಹುಡುಗರು ಕೂತಿದ್ದ ಗುಂಡಿ ಇರಲೇ ಇಲ್ಲ. ಕಾಕಾ ಹಣೆಗೆ ಕೈ ಹಚ್ಚಿಕೊಂಡು ನಿಂತುಬಿಟ್ಟರು.

ಬೊಡ್ಡೆಯನ್ನು ಒಂದೂವರೆ ಅಡಿಯ ತುಂಡು ಮಾಡುತ್ತಾ ಹೋದೆ. ನಾಲ್ಕನೇ ತುಂಡಿಗೆ ಬಂದಾಗ ಕಿಡಿ ಹಾರಿತು, ಚೈನು ಕಿರ್ರ್ ಅಂದು ನಿಂತಿತು. ಒಳಗೆ ಕಬ್ಬಿಣ. ಸುತ್ತ ಕೊಡಲಿಯಿಂದ ಕೆತ್ತಿ ನೋಡಿದರೆ ಒಂದು ಬಳೆ. ಬೆರಳು ದಪ್ಪದ ಕಬ್ಬಿಣದ ಬಳೆ, ಅದರ ಮೊಳೆ ಸಮೇತ. ಮರ ಅದನ್ನು ನಾಲ್ಕು ಇಂಚು ಒಳಗೆ ನುಂಗಿಕೊಂಡಿತ್ತು. ಹೊರಗೆ ತೊಗಟೆಯಲ್ಲಿ ಒಂದು ಸುರುಳಿ ಗಂಟು ಬಿಟ್ಟರೆ ಏನೂ ಗುರುತಿರಲಿಲ್ಲ. ಬಳೆಯ ಸುತ್ತ ಮರ ಮಸಿ ಹಚ್ಚಿದಂತೆ ಕಪ್ಪಾಗಿತ್ತು. ಅವ್ವನ ಕೈಗೆ ಕೊಟ್ಟೆ. “ನಿಮ್ಮಪ್ಪ ಹೋರಿ ಕಟ್ಟತಿದ್ದ ಬಳಿ ಇದು. ಇದನ್ನ ಹುಡುಕಿ ಹುಡುಕಿ ಸಾಕಾಗಿತ್ತು ಅವಗ” ಅಂದಳು. ಚೈನಿನ ಒಂಬತ್ತು ಹಲ್ಲು ಹೋಗಿದ್ದವು. ಹೊಸ ಚೈನು ತರಲು ಹುಬ್ಬಳ್ಳಿಗೆ ಹೋಗಿ ಬಂದೆ.

ಸೀಳುವ ಕೆಲಸಕ್ಕೆ ಬಡಿಗೇರ ಅಜ್ಜ ಬಂದರು. ಕೊಡಲಿ ಎತ್ತಲಿಕ್ಕೆ ಅವರಿಗೆ ಈಗ ಆಗುವುದಿಲ್ಲ, ನೋಡಿ ಹೇಳಲು ಬಂದದ್ದು. ಕೊಯ್ದ ತುಂಡಿನ ಮುಖಕ್ಕೆ ನೀರು ಚಿಮುಕಿಸಿ ಅಂಗೈಯಿಂದ ಒರೆಸಿದರು. ಹುಣಸೆಯ ಒಳಗು ಆಗ ಸರಿಯಾಗಿ ಕಂಡಿತು. ಹೊರಗೆಲ್ಲ ಬೆಣ್ಣೆಯ ಬಣ್ಣದ ಬಿಳಿ ಮರ. ನಡುವೆ ನೇರಳೆ ಮಿಶ್ರ ಕಂದು ತಿರುಳು. ತಿರುಳು ದುಂಡಗಿರಲಿಲ್ಲ, ಅಂಚು ಅಂಕುಡೊಂಕು, ಒಡೆದ ಮಸಿ ಕುಡಿಕೆಯಿಂದ ಶಾಯಿ ಹರಡಿದ ಹಾಗೆ.

“ತಮ್ಮಾ, ಇದನ್ನ ನಡುವ ಹೊಡದ್ರ ಕೊಡಲಿ ಮುರೀತೈತಿ, ಗಿಡ ಸೀಳೂದಿಲ್ಲ. ನಾರು ಜಡಿ ಹೆಣದಂಗ ಹೆಣಕೊಂಡಾವು” ಅಂದರು.

“ಮತ್ತ ಹೆಂಗ ಸೀಳೂದ್ರಿ ಅಜ್ಜಾ?”

“ದಂಡಿಯಿಂದ ಬಾ. ಸುತ್ತ ದಂಡಿ ಬಿಡಿಸಿಕೋತ ಬಾ. ಗಿಣ್ಣ ಇದ್ದದ್ದನ್ನ ಬಾಜೂಕ ಇಡು.”

ಅದರಂತೆ ಮಾಡಿದೆ. ತುಂಡನ್ನು ಕೊರಡಿನ ಮೇಲೆ ನಿಲ್ಲಿಸಿ, ಅಂಚಿನಿಂದ ಮೂರು ಬೆರಳು ಒಳಗೆ ಏಟು. ಬಿಳಿ ಮರ ಚಕ್ಕೆ ಚಕ್ಕೆಯಾಗಿ ಬಿಟ್ಟುಕೊಂಡಿತು. ಒಂದು ಸುತ್ತು ಬಂದಾಗ ಉಳಿಯೋದು ತಿರುಳು. ಅದಕ್ಕೆ ಕಬ್ಬಿಣದ ಬೆಣೆ ಎರಡು, ಬಿಸಿಲಿಗೆ ಬಿಟ್ಟ ಬಿರುಕು ಇದ್ದಲ್ಲಿ. ಬೆಣೆ ಕೂರುವಾಗ ಶಬ್ದ ಕೇಳಿಸಿಕೊಳ್ಳಬೇಕು. ಮೊದಲು ಸುತ್ತಿಗೆ ಟಣ್ ಟಣ್ ಅನ್ನುತ್ತದೆ. ನಾಲ್ಕಾರು ಏಟಿನ ಮೇಲೆ ಶಬ್ದ ಮೊಂಡಾಗುತ್ತದೆ. ಆಗ ನಿಲ್ಲಿಸಿ ಕಿವಿ ಕೊಟ್ಟರೆ ತುಂಡಿನ ಒಳಗೆ ಸಣ್ಣಗೆ ಟಿಕ್ ಟಿಕ್ ಅನ್ನುತ್ತಿರುತ್ತದೆ, ನಾರು ಒಂದೊಂದಾಗಿ ಹರಿಯುತ್ತಿರುತ್ತದೆ. ಆ ಹೊತ್ತಿಗೆ ಮತ್ತೆ ಹೊಡೆಯದೆ ಎರಡನೇ ಬೆಣೆ ಮುಂದೆ ಇಟ್ಟರೆ ಕೆಲಸ ಅರ್ಧ ಹಗುರ. ಸೀಳಿದಾಗ ಹುಳಿ ಹುಳಿ ವಾಸನೆ ಬರುತ್ತದೆ. ಹಸಿ ಹುಣಸೆ ಮರ ಸೀಳಿದವರಿಗೆ ಆ ವಾಸನೆ ಗೊತ್ತು.

ಅಜ್ಜ ನಾಲ್ಕು ತಿರುಳಿನ ತುಂಡು ಆರಿಸಿಕೊಂಡರು. ಎರಡು ಕೊಡತಿಗೆ, ಅಂದರೆ ಮರದ ಸುತ್ತಿಗೆಗೆ, ಎರಡು ಕೊಡಲಿ ಕಾವಿಗೆ. ಕೊಡತಿಗೆ ಹುಣಸೆಯ ತಿರುಳಿಗಿಂತ ಒಳ್ಳೆಯದು ಇಲ್ಲ ಅಂತಾರೆ, ನಾರು ಹೆಣೆದುಕೊಂಡಿರೋದರಿಂದಲೇ ಏಟಿಗೆ ಒಡೆಯುವುದಿಲ್ಲ. ಒಲೆಗೆ ತೊಂದರೆ ಕೊಡುವ ಗುಣವೇ ಬಡಿಗೇರನಿಗೆ ಬೇಕಾದ ಗುಣ.

ಅವ್ವ ಹೇಳಿದ ಮಾತು ಕೊನೆಯವರೆಗೂ ನಡೆಯಿತು. ಎಲೆ ಮೊದಲ ಎರಡು ದಿನದಲ್ಲೇ ಓಣಿಯ ಆಡುಗಳಿಗೆ ಹೋಗಿತ್ತು. ಕಡ್ಡಿ, ಸಿಬಿರು ಎಲ್ಲ ಎದುರು ಮನೆಯ ಅಕ್ಕನಿಗೆ. ಅವರು ರೊಟ್ಟಿ ಮಾಡಿ ಸವಣೂರಿನ ಖಾನಾವಳಿಗೆ ಕೊಡುತ್ತಾರೆ, ದಿನಾ ಬೆಳಗ್ಗೆ ಒಲೆ ಹಚ್ಚಲು ಕಡ್ಡಿ ಬೇಕೇ ಬೇಕು. ಪೇಟೆಯ ಮಟನ್ ಅಂಗಡಿಯವರು ಬೊಡ್ಡೆಯ ಒಂದು ದುಂಡು ತುಂಡು ಕೇಳಿಕೊಂಡು ಬಂದರು. ಮಾಂಸ ಕಡಿಯುವ ಕೊರಡಿಗೆ ಹುಣಸೆಯೇ ಆಗಬೇಕು. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಅವ್ವ ಏನಂತಾಳೋ ಅಂತ ನೋಡಿದೆ. “ಅವರ ಹೊಟ್ಟಿಪಾಡ ಅದು, ಕೊಡು” ಅಂದಳು. ಅವರು ಕೊಟ್ಟ ದುಡ್ಡು ಹೊಸ ಚೈನಿಗೆ ಸರಿಹೋಯಿತು. ಪಂಚಮಿಗೆ ಜೋಕಾಲಿ ಕಟ್ಟುತ್ತಿದ್ದ ಟೊಂಗೆಯಲ್ಲಿ ಹಗ್ಗ ತಿಕ್ಕಿ ತಿಕ್ಕಿ ಎರಡು ಕಡೆ ಬಳೆಯಂತೆ ಸವೆದ ಗುರುತಿತ್ತು. ಅದನ್ನು ಅಕ್ಕತಂಗಿಯರು ಬಂದು ನೋಡಲಿ ಅಂತ ಪಂಚಮಿಯವರೆಗೆ ಹಾಗೇ ಇಟ್ಟಿದ್ದಳು. ಅವರು ನೋಡಿ ಹೋದ ಮೇಲೆ ಅದೂ ಒಲೆಗೇ ಆಯಿತು.

ಉಳಿದದ್ದು ಟ್ರ್ಯಾಕ್ಟರಿನಲ್ಲಿ ಮೂರು ಟ್ರೇಲರ್ ಕಟ್ಟಿಗೆ. ಒಂದು ಕಾಕಾಗೆ, ಎರಡು ನಮಗೆ. ಕೆಳಗೆ ಇಟ್ಟಿಗೆ ಇಟ್ಟು, ಮೇಲೆ ತಗಡು ಹೊದಿಸಿ, ಪಕ್ಕ ಎಲ್ಲ ತೆರೆದು ಒಟ್ಟಿದೆವು. ಪ್ಲಾಸ್ಟಿಕ್ ತಾಡಪತ್ರಿ ಸುತ್ತಿ ಮುಚ್ಚಿದರೆ ಒಳಗೇ ಬೆವತು ಬೂಸು ಹಿಡಿಯುತ್ತದೆ. ಗಾಳಿ ಆಡಬೇಕು.

ಒಣಗಿದ್ದು ಎಷ್ಟು ಅಂತ ತಿಳಿಯಲು ಒಂದು ಸೀಳಿಗೆ ಕೆಂಪು ಬಣ್ಣ ಬಳಿದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದೆ. ಜೂನ್ ಮೊದಲ ವಾರ 6 ಕೆಜಿ 400 ಗ್ರಾಂ. ಮಳೆಗಾಲದಲ್ಲಿ ಅಷ್ಟೇನೂ ಇಳಿಯಲಿಲ್ಲ, ದಸರೆಗೆ 5 ಕೆಜಿ 500. ಚಳಿಗಾಲದ ಒಣ ಗಾಳಿ ಶುರುವಾದ ಮೇಲೆ ಬೇಗ ಬೇಗ ಇಳಿಯಿತು. ಸಂಕ್ರಾಂತಿಗೆ 4 ಕೆಜಿ 300. ಎರಡು ಕೆಜಿಗೂ ಜಾಸ್ತಿ ನೀರು ಒಂದೇ ಸೀಳಿನಿಂದ ಹೋಯಿತು. ಹಸಿ ಕಟ್ಟಿಗೆ ಒಲೆಗೆ ಇಟ್ಟರೆ ಬೆಂಕಿ ಮೊದಲು ಈ ನೀರನ್ನು ಕುದಿಸಬೇಕು. ಅದಕ್ಕೇ ತುದಿಯಲ್ಲಿ ನೊರೆ ಉಕ್ಕುತ್ತದೆ, ಹೊಗೆ ಮನೆ ತುಂಬುತ್ತದೆ, ಹಂಡೆಯ ನೀರು ಮಾತ್ರ ಬೆಚ್ಚಗಾಗುವುದಿಲ್ಲ. ಹೊಗೆ ಕುಡಿಯುವವರು ಯಾರು? ಒಲೆಯ ಮುಂದೆ ಕೂತ ಹೆಂಗಸರು. ಒಂದು ಬೇಸಿಗೆ ಕಾಯಲು ಆಗದಿದ್ದರೆ ಆ ಕಟ್ಟಿಗೆ ಸುಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬಿಳಿ ಮರವನ್ನು ಜಾಸ್ತಿ ದಿನ ಇಡುವಂತೆಯೂ ಇಲ್ಲ. ಫೆಬ್ರವರಿಗೆ ಸೀಳುಗಳ ಕೆಳಗೆ ನುಣ್ಣನೆಯ ಹಳದಿ ಹಿಟ್ಟು ಕಂಡಿತು. ಹುಳ ಬಿಳಿ ಮರವನ್ನಷ್ಟೇ ಕೊರೆಯುತ್ತಿತ್ತು, ತಿರುಳನ್ನು ಮುಟ್ಟಿರಲಿಲ್ಲ. ಆಗ ಬಿಳಿಯದನ್ನು ಮೊದಲು ಉರಿಸಲು ಶುರು ಮಾಡಿದೆವು. ಇನ್ನೊಂದು ಮಾತು, ಒಟ್ಟಿದ ಕಟ್ಟಿಗೆಗೆ ಬರಿಗೈ ಹಾಕಬಾರದು. ಚೇಳು ಸಂದಿಯಲ್ಲಿರುತ್ತದೆ. ಅವ್ವ ಮೊದಲು ಕೋಲಿನಿಂದ ಬಡಿದು ಆಮೇಲೆ ಎಳೆಯುತ್ತಾಳೆ.

ಚಹಾ, ಅನ್ನ ಎಲ್ಲ ಗ್ಯಾಸಿನ ಮೇಲೆ. ರೊಟ್ಟಿ ಮಾತ್ರ ಅವ್ವ ಒಲೆಯ ಮೇಲೇ ಮಾಡೋದು. ಹುಣಸೆಯ ಬೆಲೆ ಅಲ್ಲಿ ತಿಳಿಯುತ್ತದೆ. ಮಾವಿನ ಕಟ್ಟಿಗೆ ಭಗ್ಗ ಅಂತ ಉರಿದು ಬೂದಿಯಾಗುತ್ತದೆ, ಬೇವು ಕಣ್ಣಿಗೆ ಉರಿ. ಹುಣಸೆಯ ತಿರುಳು ಹತ್ತಿಕೊಳ್ಳಲು ತಡ ಮಾಡುತ್ತದೆ, ಹತ್ತಿದ ಮೇಲೆ ಬಿಡುವುದಿಲ್ಲ. ಮೊನ್ನೆ ಒಲೆಯ ಮುಂದೆ ಕೂತು ನೋಡುತ್ತಿದ್ದೆ. ಹಂಚಿನ ಮೇಲೆ ಎರಡೂ ಮೈ ಬೆಂದ ರೊಟ್ಟಿಯನ್ನು ಅವ್ವ ಒಲೆಯ ಬಾಯಿಗೆ ತಂದು ಕೆಂಡಕ್ಕೆ ಮುಖ ಮಾಡಿ ಒರಗಿಸಿದಳು. ಕೆಂಡದಲ್ಲಿ ಉರಿ ಇಲ್ಲ, ಹೊಗೆ ಇಲ್ಲ, ಒಳಗಿನಿಂದ ಉಸಿರಾಡಿದಂತೆ ಕೆಂಪು ಹೆಚ್ಚುತ್ತಿತ್ತು, ಕಡಿಮೆಯಾಗುತ್ತಿತ್ತು. ಎರಡು ಸಲ ಕಣ್ಣು ಮಿಟುಕಿಸುವುದರೊಳಗೆ ರೊಟ್ಟಿಯ ಒಂದು ಅಂಚು ಉಬ್ಬಿತು, ಆಮೇಲೆ ಇಡೀ ರೊಟ್ಟಿ ಉಬ್ಬಿತು. ಎಲ್ಲೂ ಕರಕಲಿಲ್ಲ. ಹದಿನಾಲ್ಕು ರೊಟ್ಟಿಗೆ ಎರಡೇ ಸೀಳು ಹಿಡಿಯಿತು. “ನೋಡ, ಗಿಡ ಹೋದ್ರೂ ಕೆಲಸಾ ಬಿಟ್ಟಿಲ್ಲ” ಅಂದಳು. ಅವಳು ನನ್ನ ಕಡೆ ನೋಡಲಿಲ್ಲ, ನನಗೆ ಮಾತ್ರ ಆ ಮೂರು ಮೊಂಡು ಬೇರು ಕಣ್ಣ ಮುಂದೆ ಬಂದವು.

ಹೋದ ತಿಂಗಳು ಕಾಕಾ ತಮ್ಮ ಹಿತ್ತಲಿಗೆ ಪೈಪ್ ಹಾಕಿಸಲು ಜೆಸಿಬಿ ಹೇಳಿದ್ದರು. ಅವರ ಹಿತ್ತಲಲ್ಲಿ ಹಳೆಯ ಬೇವು ಇದೆ. ನಾನು ಹಿಂದಿನ ದಿನ ರಾತ್ರಿಯೇ ಊರಿಗೆ ಹೋದೆ. ಬೆಳಗ್ಗೆ ಜೆಸಿಬಿ ಬರುವ ಮೊದಲು ಸುಣ್ಣದ ಪುಡಿ ಹಿಡಿದು ಬೇವಿನ ಸುತ್ತ ಹದಿನೈದು ಅಡಿ ದೂರದಲ್ಲಿ ಗೆರೆ ಎಳೆದೆ. “ಪೈಪ್ ಭಾಳ ಹಿಡೀತೈತಲ್ಲೋ” ಅಂದರು ಕಾಕಾ. ಎಷ್ಟು ಜಾಸ್ತಿ ಅಂತ ಟೇಪ್ ಹಿಡಿದು ಅಳೆದೆವು. ನಲವತ್ತೆರಡು ಅಡಿ. ಆ ನಲವತ್ತೆರಡು ಅಡಿ ಪೈಪನ್ನು ನಾನೇ ಸವಣೂರಿನಿಂದ ತಂದುಕೊಟ್ಟೆ.